60 ವೋಲ್ಟ್ ಎಲೆಕ್ಟ್ರಿಕ್ ಡರ್ಟ್ ಬೈಕ್: ಏರು ಹತ್ತುವಾಗ ಪವರ್ ಬೀಳುತ್ತೆ, ಹಿಂದಿನ ಟ್ಯೂಬ್ ಪದೇ ಪದೇ ಪಂಕ್ಚರ್

ಕೂಳೆಕಬ್ಬು (ಪಾಂಡವಪುರ):
ಗಾಡಿ ಸುಮಾರು 55 ಕೆ.ಜಿ. 60 ವೋಲ್ಟ್, 40 ಎಎಚ್ ಬ್ಯಾಟರಿ. ಮುಂದೆ 14 ಹಲ್ಲಿನ ಸ್ಪ್ರಾಕೆಟ್, ಹಿಂದೆ 48, ಚೈನು 420. ಎರಡೂ ಚಕ್ರಕ್ಕೆ 70/100-19 ಟೈರು, ಒಳಗೆ ಟ್ಯೂಬ್. ನನ್ನ ತೂಕ 82. ಓಡಿಸೋದು ನಮ್ಮದೇ ಜಮೀನಲ್ಲಿ: ಕೆಂಪು ಮಣ್ಣು, ಸಡಿಲ ಜಲ್ಲಿ, ಮೇಲ್ಗಡೆ ಹಾಸುಬಂಡೆ, ಕೆಳಗೆ ಕಬ್ಬು.

ತೊಂದರೆ ಎರಡು. ಏರಿನಲ್ಲಿ ನಿಧಾನಕ್ಕೆ ಹತ್ತಿ ಇಳಿದು ಮಾಡ್ತಿದ್ರೆ ಹತ್ತು ಹದಿನೈದು ನಿಮಿಷಕ್ಕೆ ಎಳೆತ ಅರ್ಧಕ್ಕೆ ಇಳಿಯುತ್ತೆ. ಡಿಸ್‌ಪ್ಲೇನಲ್ಲಿ ಬ್ಯಾಟರಿ 60% ತೋರಿಸ್ತಾನೇ ಇರುತ್ತೆ. ನೆರಳಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದ್ರೆ ಸರಿಹೋಗುತ್ತೆ. ಎರಡನೇದು ಹಿಂದಿನ ಚಕ್ರದ ಪಂಕ್ಚರ್, ಹೊಸ ಟ್ಯೂಬ್ ಹಾಕಿದ್ರೂ ಬಿಡಲ್ಲ. ಬ್ಯಾಟರಿ ಬದಲಾಯಿಸು ಅಂತ ಒಬ್ಬರು, 72 ವೋಲ್ಟ್ ಕಿಟ್ ಹಾಕು ಅಂತ ಇನ್ನೊಬ್ಬರು. ಗೊತ್ತಿರೋರು ಹೇಳಿ. ತಮ್ಮನ ಮಗನೂ ಕಲೀತೀನಿ ಅಂತಿದ್ದಾನೆ, ಅವನಿಗೆ 16.

ವೋಲ್ಟ್‌ಮೀಟರ್ (ಮೈಸೂರು):
ಬ್ಯಾಟರಿ ಅಲ್ಲ ಸರ್, ಮೋಟಾರ್ ಕಾದು ಬಿಸಿಯಾಗ್ತಿದೆ. ಎಳೆತ ಮೆಲ್ಲಗೆ ಇಳೀತಾ ಬಂದ್ರೆ ಅದು ಬಿಸಿ. ತಾನೇ ಸುಟ್ಟುಹೋಗಬಾರದು ಅಂತ ಕಂಟ್ರೋಲರ್ (ಮೋಟಾರ್‌ಗೆ ಕರೆಂಟ್ ಅಳೆದು ಕೊಡೋ ಡಬ್ಬ) ಆಂಪಿಯರ್ ಇಳಿಸ್ತಾ ಬರುತ್ತೆ. ಓಡ್ತಾ ಓಡ್ತಾ ಒಂದೇ ಏಟಿಗೆ ಗಾಡಿ ಸತ್ತು, ಆಫ್ ಮಾಡಿ ಆನ್ ಮಾಡಿದಾಗ ಮತ್ತೆ ಎದ್ರೆ ಅದು ಬಿಎಂಎಸ್ (ಬ್ಯಾಟರಿ ಒಳಗಿನ ರಕ್ಷಣಾ ಸರ್ಕ್ಯೂಟ್) ಕಟ್ ಮಾಡಿದ್ದು, ಆಗ ಬ್ಯಾಟರಿ ಕಡೆ ನೋಡಬೇಕು.

ಅನುಮಾನ ಇದ್ರೆ ವೋಲ್ಟೇಜ್ ನೋಡಿ. ನಿಮ್ಮದು ಸರಣಿಯಲ್ಲಿ 16 ಸೆಲ್ ಗುಂಪು ಇರೋ ಪ್ಯಾಕ್, ಪೂರ್ತಿ ಚಾರ್ಜ್ ಆದಾಗ 67.2 ವೋಲ್ಟ್. 60% ಇದ್ದಾಗ ನಿಂತಲ್ಲಿ 60–61 ತೋರಿಸಬೇಕು. ಏರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟಾಗ 54–55ಕ್ಕೆ ಇಳಿದು, ಬಿಟ್ಟ ಕೆಲವೇ ಸೆಕೆಂಡಿಗೆ ವಾಪಸ್ ಏರಿದ್ರೆ ಬ್ಯಾಟರಿ ಚೆನ್ನಾಗಿದೆ. ಅಷ್ಟೇ ಚಾರ್ಜ್‌ನಲ್ಲಿ 48–50ರ ಹತ್ತಿರ ಕುಸಿದ್ರೆ ಮಾತ್ರ ಯಾವುದೋ ಒಂದು ಗುಂಪು ಸೋತಿದೆ ಅಂತ.

ಮೋಟಾರ್ ಯಾಕೆ ಕಾಯುತ್ತೆ? ಎಳೆತ ಆಂಪಿಯರ್ ಜೊತೆ ಸಮಕ್ಕೆ ಏರುತ್ತೆ. ಆದರೆ ವೈಂಡಿಂಗಿನ (ಮೋಟಾರ್ ಒಳಗಿನ ತಂತಿ ಸುತ್ತಿನ) ಬಿಸಿ ಆಂಪಿಯರ್‌ನ ವರ್ಗದಷ್ಟು ಏರುತ್ತೆ. ಎರಡರಷ್ಟು ಆಂಪಿಯರ್ ಅಂದ್ರೆ ನಾಲ್ಕರಷ್ಟು ಬಿಸಿ. ನಡಿಗೆ ವೇಗದಲ್ಲಿ ಏರು ಹತ್ತುವಾಗ ಮೋಟಾರ್ ನಿಧಾನ ತಿರುಗುತ್ತೆ, ಗಾಳಿನೂ ಬಡಿಯಲ್ಲ, ಬ್ಯಾಟರಿ ಕೊಟ್ಟಿದ್ದರಲ್ಲಿ ದೊಡ್ಡ ಪಾಲು ಶಾಖ ಆಗಿ ಹೋಗುತ್ತೆ. ಸಮತಟ್ಟು ನೆಲದಲ್ಲಿ ಜೋರಾಗಿ ಓಡಿಸಿದ್ರೆ ಈ ತೊಂದರೆ ಅಷ್ಟಾಗಿ ಕಾಣಲ್ಲ.

ಇದಕ್ಕೆ ಮದ್ದು ಹಿಂದಿನ ಸ್ಪ್ರಾಕೆಟ್. 48 ತೆಗೆದು 54 ಹಾಕಿ. ಅನುಪಾತ 3.43 ಇದ್ದದ್ದು 3.86 ಆಗುತ್ತೆ. ಚಕ್ರಕ್ಕೆ ಅದೇ ಎಳೆತ ಬರೋಕೆ 11% ಕಡಿಮೆ ಆಂಪಿಯರ್ ಸಾಕು, ವೈಂಡಿಂಗಿನ ಬಿಸಿ ಸುಮಾರು 21% ಇಳಿಯುತ್ತೆ. ಕಳ್ಕೊಳ್ಳೋದು ಟಾಪ್ ಸ್ಪೀಡ್: 70 ಹೋಗೋ ಗಾಡಿ 62ಕ್ಕೆ ನಿಲ್ಲುತ್ತೆ. ಜಮೀನಲ್ಲಿ 70 ಯಾರಿಗೆ ಬೇಕು? 58 ಹಾಕಿದ್ರೆ ಬಿಸಿ ಇನ್ನೂ ಇಳಿಯುತ್ತೆ, ಆದರೆ ಅಷ್ಟು ದೊಡ್ಡ ಸ್ಪ್ರಾಕೆಟ್ ಬಂಡೆಗೆ ತಗಲೋ ಸಾಧ್ಯತೆ ಜಾಸ್ತಿ, ಏರಿನಲ್ಲಿ ಮುಂದಿನ ಚಕ್ರನೂ ಬೇಗ ಎದ್ದೇಳುತ್ತೆ. ಮುಂದಿನ 14 ತೆಗೆದು 13 ಹಾಕೋದು ಅಗ್ಗದ ದಾರಿ, ಅದನ್ನ ನಾನು ಹೇಳಲ್ಲ. ಸ್ಪ್ರಾಕೆಟ್ ಚಿಕ್ಕದಾದಷ್ಟೂ ಚೈನ್ ಕೊಂಡಿ ಹೆಚ್ಚು ಮಡಚುತ್ತೆ, ಬೇಗ ಸವೆಯುತ್ತೆ.

ಆರು ಹಲ್ಲು ಹೆಚ್ಚಾದ್ರೆ ಚೈನು ಮೂರು ಪಿಚ್ (ಒಂದು ಪಿನ್ನಿಂದ ಮುಂದಿನ ಪಿನ್ನಿನ ದೂರ) ಉದ್ದ ಬೇಕು. ಸಾಮಾನ್ಯ ಜಾಯಿಂಟ್‌ಗೆ ಸಮಸಂಖ್ಯೆಯ ಪಿಚ್ ಮಾತ್ರ ಕೂರೋದ್ರಿಂದ, ಆಕ್ಸಲ್ ಈಗ ಎಲ್ಲಿದೆ ನೋಡ್ಕೊಂಡು ಎರಡೋ ನಾಲ್ಕೋ ಸೇರಿಸಿ. ಅಂಗಡಿಯವರು "ಎಲ್ಲಾ ಒಂದೇ" ಅಂತ 428 ಚೈನು ಕೊಡೋಕೆ ಬಂದ್ರೆ ಬೇಡ ಅನ್ನಿ. ಪಿಚ್ ಎರಡಕ್ಕೂ 12.7 ಮಿ.ಮೀ. ನಿಜ, ಆದರೆ 428ರ ರೋಲರ್ 8.5 ಮಿ.ಮೀ., 420ರದ್ದು 7.8ರ ಹತ್ತಿರ. ದಪ್ಪ ರೋಲರ್ ನಿಮ್ಮ ಸ್ಪ್ರಾಕೆಟ್ ಹಲ್ಲಿನ ತಳಕ್ಕೆ ಕೂರಲ್ಲ, ಮೇಲೇ ಸವಾರಿ ಮಾಡುತ್ತೆ, ಎರಡನ್ನೂ ತಿನ್ನುತ್ತೆ.

ಚೈನಿನ ಸಡಿಲ ನೋಡುವಾಗ ಸೀಟಿನ ಮೇಲೆ ಒಬ್ಬರನ್ನ ಕೂರಿಸಿ. ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ ಪಿವಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನು ಅತಿ ಬಿಗಿ ಇರುತ್ತೆ. ಆಗಲೂ ನಡುವಲ್ಲಿ 15–20 ಮಿ.ಮೀ. ಆಡಬೇಕು. ಮೋಟಾರ್‌ನಿಂದ ಬರೋ ಪ್ರೈಮರಿ ಬೆಲ್ಟ್ ಇರೋ ಗಾಡಿಯಾದ್ರೆ ಕವರ್ ತೆಗೆದು ಹಲ್ಲುಗಳ ಸಂದೀಲಿ ಸಣ್ಣ ಕಲ್ಲು ಸಿಕ್ಕಿದೆಯಾ ನೋಡಿ. ಗೇರ್‌ಬಾಕ್ಸ್ ಇರೋದಾದ್ರೆ ಎಣ್ಣೆ ಮಟ್ಟ ನೋಡಿ.

72 ವೋಲ್ಟ್ ಕಿಟ್ ಈ ರೋಗಕ್ಕೆ ಔಷಧಿ ಅಲ್ಲ. ಅದೇ ಏರು, ಅದೇ ತೂಕ, ಅದೇ ಗೇರಿಂಗ್ ಅಂದ್ಮೇಲೆ ಮೋಟಾರ್‌ಗೆ ಬೇಕಾದ ಆಂಪಿಯರ್ರೂ ಅಷ್ಟೇ. ಕಿಟ್ ಜಾಸ್ತಿ ಆಂಪಿಯರ್ ತಳ್ಳಿ ಬಿಸಿಯ ಮಿತಿನೂ ಸಡಿಲಿಸಿದ್ರೆ ವೈಂಡಿಂಗ್ ವಾರ್ನಿಷ್ ಕರಕಲು, ಆಯಸ್ಕಾಂತದ ಶಕ್ತಿನೂ ಹೋಗುತ್ತೆ.

ಇನ್ನೊಂದು. ಏರಿನ ಮಧ್ಯ ನಿಂತಾಗ ಥ್ರಾಟಲ್‌ನಲ್ಲೇ ಗಾಡಿ ಹಿಡ್ಕೊಂಡು ನಿಲ್ಲೋರು ಬಹಳ ಜನ. ಚಕ್ರ ತಿರುಗದೆ ಆಂಪಿಯರ್ ಹರಿದ್ರೆ ಅಷ್ಟೂ ಶಾಖ. ಎಡಗೈ ಬ್ರೇಕ್ ಹಿಡಿದು ನಿಲ್ಲಿ. ತಳ್ಕೊಂಡು ಹೋಗೋದಾದ್ರೆ ಮೊದಲು ಕೀ ಆಫ್. ಜಾರಿದಾಗ ಕೈ ತಾನಾಗೇ ಗ್ರಿಪ್ ಹಿಡಿದು ತಿರುಗಿಸುತ್ತೆ, ಕ್ಲಚ್ ಇಲ್ಲದ ಗಾಡಿ ಮೈಮೇಲೆ ಬರುತ್ತೆ.

ಹಾಸುಬಂಡೆ (ನಾಗಮಂಗಲ):
ಪಂಕ್ಚರ್ ವಿಷಯ. ಟ್ಯೂಬ್ ಹೊರಗೆ ತೆಗೆದಾಗ ತೂತು ಎಷ್ಟಿವೆ ನೋಡಿ. ಅಕ್ಕಪಕ್ಕ ಎರಡು ಸೀಳು ಇದ್ರೆ ಗಾಳಿ ಕಡಿಮೆ: ಕಲ್ಲಿಗೆ ಹೊಡೆದು ಟೈರಿಗೂ ರಿಮ್ಮಿಗೂ ನಡುವೆ ಟ್ಯೂಬ್ ಚಚ್ಚಿದೆ. ಸೂಜಿಮೊನೆ ಥರ ಒಂದೇ ತೂತು ಆದ್ರೆ ಜಾಲಿ ಮುಳ್ಳು. ಒಳಸುತ್ತಲ್ಲಿ ವಾಲ್ವ್ ಬುಡ ಹರಿದಿದ್ರೆ ಟೈರು ರಿಮ್ ಮೇಲೆ ಜಾರ್ತಿದೆ.

ಹೊಸ ಟ್ಯೂಬ್ ಹಾಕಿದ್ರೂ ನಿಲ್ತಿಲ್ಲ ಅಂದ್ರೆ ನನ್ನ ಪ್ರಕಾರ ಮುಳ್ಳೇ. ಜಾಲಿ ಮುಳ್ಳಿನ ಬುಡ ಹೊರಗೆ ಮುರಿದು ಬೀಳುತ್ತೆ, ತುದಿ ಮಾತ್ರ ರಬ್ಬರ್ ಒಳಗೆ ಉಳಿಯುತ್ತೆ. ಹೊರಗಿಂದ ಕಾಣಲ್ಲ, ಬೆರಳಾಡಿಸಿದ್ರೂ ಒಂದೊಂದು ಸಲ ಸಿಗಲ್ಲ. ಹತ್ತಿ ಉಂಡೆ ತಗೊಂಡು ಟೈರಿನ ಒಳಮೈ ಸುತ್ತ ಮೆಲ್ಲಗೆ ಎಳೀರಿ. ಹತ್ತಿಯ ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತೋ ಅಲ್ಲಿ ಮುಳ್ಳಿದೆ. ಒಳಗಿಂದ ಇಕ್ಕಳದಲ್ಲಿ ಹಿಡಿದು ಎಳೀರಿ, ಬರದಿದ್ರೆ ಸೂಜಿಯಲ್ಲಿ ಹೊರಗಡೆಗೆ ತಳ್ಳಿ. ಎರಡು ಸುತ್ತು ನೋಡಿದ ಮೇಲೇ ಟ್ಯೂಬ್ ಹಾಕಿ.

ಟ್ಯೂಬ್ ಹೆವಿ ಡ್ಯೂಟಿ ತಗೊಳ್ಳಿ, ಒಳಗೆ ಸೀಲೆಂಟ್ ಹಾಕಿ. ಮುಳ್ಳಿನ ತೂತನ್ನ ಅದು ಮುಚ್ಚುತ್ತೆ, ಚಚ್ಚಿದ ಸೀಳನ್ನ ಮುಚ್ಚಲ್ಲ. ಗಾಳಿ: ಬಂಡೆ, ಜಲ್ಲಿಗೆ 14–16 ಪಿಎಸ್‌ಐ, ಕೆಸರಿಗೆ 12. ಬೆಳಗ್ಗೆ ತಣ್ಣಗಿದ್ದಾಗಲೇ ಅಳೀರಿ. ವಾಲ್ವಿನ ನಟ್ಟನ್ನ ರಿಮ್ಮಿಗೆ ಬಿಗಿ ಮಾಡಬೇಡಿ, ಮೇಲೆ ಕ್ಯಾಪ್ ಹತ್ತಿರ ಬಿಡಿ. ಟೈರು ಜಾರಿದ್ರೆ ವಾಲ್ವ್ ಓರೆಯಾಗಿ ನಿಂತು ನಿಮಗೆ ಮೊದಲೇ ಗೊತ್ತಾಗುತ್ತೆ. ನಟ್ ಬಿಗಿದಿದ್ರೆ ಗೊತ್ತಾಗೋದು ಹರಿದ ಮೇಲೇ.

ಕಬ್ಬು ಕಡಿದ ಗದ್ದೆಗೆ ಇಳಿಸಲೇಬೇಡಿ. ಕತ್ತಿಯಲ್ಲಿ ಓರೆಗೆ ಕಡಿದ ಕೂಳೆ ಒಣಗಿದ ಮೇಲೆ ಟೈರಿನ ಪಕ್ಕಗೋಡೆಗೇ ನುಗ್ಗುತ್ತೆ, ಪಕ್ಕಗೋಡೆ ಹರಿದ್ರೆ ಪ್ಯಾಚ್ ನಿಲ್ಲಲ್ಲ. ಒಣ ತರಗು ಬೇರೆ ಹಿಂದಿನ ಸ್ಪ್ರಾಕೆಟ್ಟಿಗೆ ಹಗ್ಗದ ಹಾಗೆ ಸುತ್ತಿ ಚೈನನ್ನ ಹಲ್ಲಿಂದ ಎತ್ತಿಬಿಡುತ್ತೆ. ಹೆಸರು ಕೂಳೆಕಬ್ಬು ಅಂತ ಇಟ್ಕೊಂಡೋರಿಗೆ ಹೇಳಬೇಕಾ!

ಎಡಗೈಬ್ರೇಕ್ (ಮೈಸೂರು):
ಮೇಲಿನವರ ಗಾಳಿ ಲೆಕ್ಕ 82 ಕೆ.ಜಿ.ಗೆ ಸರಿ. 60 ಕೆ.ಜಿ. ಹುಡುಗನಿಗೆ 16 ಹೆಚ್ಚಾಯ್ತು, ಬಂಡೆ ಮೇಲೆ ಚೆಂಡಿನಂಗೆ ಪುಟಿಯುತ್ತೆ. ಒಂದೆರಡು ಪಿಎಸ್‌ಐ ಇಳಿಸಿ.

ಇಳಿಯೋದರ ಬಗ್ಗೆ ಯಾರೂ ಹೇಳಿಲ್ಲ. ಥ್ರಾಟಲ್ ಬಿಟ್ಟ ತಕ್ಷಣ ರೀಜೆನ್ (ಮೋಟಾರೇ ಬ್ರೇಕ್ ಥರ ಹಿಡಿದು ಬ್ಯಾಟರಿಗೆ ಕರೆಂಟ್ ವಾಪಸ್ ತುಂಬೋದು) ಹಿಂದಿನ ಚಕ್ರಾನ ಹಿಡಿಯುತ್ತೆ. ಗಟ್ಟಿ ನೆಲದಲ್ಲಿ ಅದು ಅನುಕೂಲ. ಪಾಚಿ ಕಟ್ಟಿದ ಒದ್ದೆ ಬಂಡೆ, ಸಡಿಲ ಜಲ್ಲಿ ಮೇಲೆ ಅದೇ ಚಕ್ರ ಪಕ್ಕಕ್ಕೆ ಜಾರೋಕೆ ಕಾರಣ. ಸೆಟ್ಟಿಂಗ್ ಇದ್ರೆ ಕಡಿಮೆಗೆ ಇಡಿ, ಇಲ್ಲಾಂದ್ರೆ ಥ್ರಾಟಲ್ ಪೂರ್ತಿ ಬಿಡದೆ ಕೂದಲೆಳೆಯಷ್ಟು ತೆರೆದಿಟ್ಟು ಬ್ರೇಕಿನಲ್ಲೇ ಇಳೀರಿ. ಪೂರ್ತಿ ಚಾರ್ಜ್ ಮಾಡ್ಕೊಂಡು ಗುಡ್ಡದ ತುದಿಯಿಂದ ಶುರು ಮಾಡೋರು ಇನ್ನೊಂದು ನೆನಪಿಡಿ: ತುಂಬಿದ ಬ್ಯಾಟರಿಗೆ ರೀಜೆನ್ ಇನ್ನಷ್ಟು ತುಂಬೋಕೆ ಹೋದ್ರೆ ಬಿಎಂಎಸ್ ಕಟ್ ಮಾಡಬಹುದು, ಚಕ್ರದ ಹಿಡಿತ ಇದ್ದಕ್ಕಿದ್ದಂಗೆ ಮಾಯ. 90%ಗೆ ನಿಲ್ಲಿಸಿ ಹೊರಡಿ.

ಕೆಸರಲ್ಲಿ ಆರ್ಗ್ಯಾನಿಕ್ ಬ್ರೇಕ್ ಪ್ಯಾಡ್ ಬೆಣ್ಣೆ ಕರಗಿದಂಗೆ ಸವೆಯುತ್ತೆ, ಮಳೆಗಾಲಕ್ಕೆ ಸಿಂಟರ್ಡ್ (ಲೋಹದ ಪುಡಿ ಒತ್ತಿ ಮಾಡಿದ್ದು) ಹಾಕಿ. ಬ್ರೇಕ್ ಎಣ್ಣೆ ಡಾಟ್ ಅಥವಾ ಮಿನರಲ್ ಅಂತ ಲಿವರ್ ಮುಚ್ಚಳದ ಮೇಲೆ ಬರೆದಿರುತ್ತೆ. ಒಂದರ ಜಾಗಕ್ಕೆ ಇನ್ನೊಂದು ಹಾಕಿದ್ರೆ ಸೀಲ್ ಊದಿ ಲಿವರ್ ವಾಪಸ್ ಬರಲ್ಲ.

ಹುಡುಗನಿಗೆ ಕಲಿಸುವಾಗ ಇಕೋ ಮೋಡ್, ಸಮತಟ್ಟು ಜಾಗ, ಮೊದಲು ಬ್ರೇಕ್ ಮಾತ್ರ. ಸೈಕಲ್ ಓಡಿಸಿ ಅಭ್ಯಾಸ ಇದ್ರೂ ಎಡಗೈಯಲ್ಲಿರೋದು ಹಿಂದಿನ ಬ್ರೇಕ್ ಅಂತ ಕೈಗೆ ರೂಢಿಯಾಗೋವರೆಗೂ ಏರಿಗೆ ಬಿಡಬೇಡಿ. ಹೆಲ್ಮೆಟ್, ಮೊಣಕಾಲು ಗಾರ್ಡ್, ಕಣಕಾಲು ಮುಚ್ಚೋ ಬೂಟು ಇಲ್ಲದೆ ಗಾಡಿ ಕೊಡಬೇಡಿ.

ನಾಲೆಬದಿ (ಮಂಡ್ಯ):
ಎಲ್ಲಿ ಓಡಿಸಬಾರದು ಅನ್ನೋದನ್ನೂ ಹೇಳಿಬಿಡ್ತೀನಿ. 250 ವ್ಯಾಟ್‌ಗಿಂತ ಕಡಿಮೆ, ಗಂಟೆಗೆ 25 ಕಿ.ಮೀ. ಮೀರದ ಗಾಡಿಗೆ ಮಾತ್ರ ನೋಂದಣಿ ವಿನಾಯಿತಿ. ನಿಮ್ಮದು ಅದಕ್ಕೆ ಹತ್ತಿರವೂ ಇಲ್ಲ. ಸಾರ್ವಜನಿಕರಿಗೆ ಓಡಾಡೋ ಹಕ್ಕಿರೋ ಜಾಗವೆಲ್ಲಾ ಕಾನೂನಿನ ಲೆಕ್ಕದಲ್ಲಿ ಸಾರ್ವಜನಿಕ ಸ್ಥಳವೇ. ಊರಿನ ಬಂಡಿ ಜಾಡು ಟಾರ್ ಕಂಡಿಲ್ಲ ಅಂತ ನಿಮ್ಮದಾಗಲ್ಲ. 16ರ ಹುಡುಗ ಅಲ್ಲಿಗೆ ತಂದು ಸಿಕ್ಕಿಬಿದ್ರೆ ಮೋಟಾರು ವಾಹನ ಕಾಯ್ದೆ 199ಎ ಪ್ರಕಾರ ಪೋಷಕರಿಗೆ, ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿನ ಗೂಡ್ಸ್ ಆಟೋದಲ್ಲಿ ಹಾಕ್ಕೊಂಡು ಜಮೀನಿಗೆ ಹೋಗಿ.

ಮೇಲುಕೋಟೆ, ಅರಬಿತಿಟ್ಟು ಎರಡೂ ವನ್ಯಜೀವಿ ಧಾಮ. ಗಡಿ ಕಲ್ಲು ಕಾಣಲಿಲ್ಲ ಅನ್ನೋ ಮಾತು ನಡೆಯಲ್ಲ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಅಗಲ ಇದೆ, ನೇರ ಇದೆ ಅಂತ ಆಸೆ ಆಗುತ್ತೆ. ಬೇಡ. ಕಾಂಕ್ರೀಟ್ ಇಳಿಜಾರಿನ ಮೇಲೆ ಜಾರಿ ನೀರಿಗೆ ಬಿದ್ರೆ ಈಜು ಬಂದೋರಿಗೂ ಹತ್ತಿ ಬರೋದು ಕಷ್ಟ.

ಈ ಗಾಡಿಗೆ ಸದ್ದಿಲ್ಲ ಅನ್ನೋದು ದೊಡ್ಡ ಗುಣ, ದೊಡ್ಡ ಅಪಾಯ. ಕುರಿ ಮಂದೆಗೆ, ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಬರೋರಿಗೆ ಗೊತ್ತೇ ಆಗಲ್ಲ. ದನದ ಕೊರಳಿನ ಗಂಟೆ ಒಂದನ್ನ ಹ್ಯಾಂಡಲ್‌ಗೆ ಕಟ್ಟಿ. ಸಂಜೆ ಕಬ್ಬಿನ ಗದ್ದೆ ಅಂಚಲ್ಲಿ ಬೇಡ, ಚಿರತೆ ಮರಿ ಹಾಕಿರೋ ಜಾಗ ಅದೇ ಇರುತ್ತೆ.

ಕೂಳೆಕಬ್ಬು (ಪಾಂಡವಪುರ):
ಬಹಳ ಉಪಕಾರ. ಹತ್ತಿ ಉಂಡೆಗೆ ಮುಳ್ಳಿನ ತುದಿ ಎರಡು ಸಿಕ್ತು. 54ರ ಸ್ಪ್ರಾಕೆಟ್‌ಗೆ ಹೇಳಿದ್ದೀನಿ. ಇನ್ನೊಂದು ಕೇಳಬೇಕಿತ್ತು: ಜಮೀನಿನ ಪಂಪ್‌ಸೆಟ್ ಮನೇಲೇ ಚಾರ್ಜ್ ಹಾಕಬಹುದಾ? ಸ್ಟಾರ್ಟರ್ ಡಬ್ಬದಿಂದ ಒಂದು ಲೈನ್ ಎಳೆದು ಬಲ್ಬ್ ಹಾಕ್ಕೊಂಡಿದ್ದೀವಿ. ಓಡಿಸಿದ ಮೇಲೆ ಅಲ್ಲೇ ಪೈಪಲ್ಲಿ ತೊಳೆಯೋಕೂ ಅನುಕೂಲ.

ವೋಲ್ಟ್‌ಮೀಟರ್ (ಮೈಸೂರು):
ಎರಡಕ್ಕೂ ಬೇಡ.

ಪಂಪ್‌ಸೆಟ್ಟಿಗೆ ಬರೋದು ಮೂರು ಫೇಸ್. ಬಲ್ಬಿಗೆ ಒಂದು ಫೇಸ್ ತಗೊಂಡು ನ್ಯೂಟ್ರಲ್ ಜಾಗಕ್ಕೆ ನೆಲಕ್ಕೆ ಹೊಡೆದ ಸಲಾಕೆಯ ತಂತಿ ಕೊಟ್ಟಿರೋದೇ ಹೆಚ್ಚು. ನೆಲ ಒಣಗಿದಾಗ ಆ ಸಂಪರ್ಕ ಸೋಲುತ್ತೆ, ಚಾರ್ಜರ್‌ಗೆ ವೋಲ್ಟೇಜ್ ಸಾಲಲ್ಲ, ಸಲಾಕೆ, ತಂತಿ ಮುಟ್ಟಿದೋರಿಗೆ ಶಾಕ್. ನಿಜವಾದ ನ್ಯೂಟ್ರಲ್ ಇದ್ರೂ ಅದು ಕಂಬದಲ್ಲಿ ಕಿತ್ತುಬಂದ ದಿನ 230 ಇರಬೇಕಾದ ಕಡೆ 400ರ ಹತ್ತಿರ ನುಗ್ಗಬಹುದು. ಬಲ್ಬ್ ಹೋದ್ರೆ ಹೋಯ್ತು, ಚಾರ್ಜರ್ ಹೋದ್ರೆ ಸುಮ್ಮನೆ ಹೋಗಲ್ಲ. ಮನೆ ಮೀಟರ್ ಲೈನಲ್ಲೇ ಹಾಕಿ. 10 ಆಂಪಿಯರ್ ಚಾರ್ಜರ್ ಗೋಡೆಯಿಂದ ಎಳೆಯೋದು 750 ವ್ಯಾಟ್ ಸುಮಾರು, ಅರ್ಥಿಂಗ್ ಸರಿ ಇರೋ ಮಾಮೂಲಿ ಸಾಕೆಟ್ ಸಾಕು. ಖಾಲಿಯಿಂದ ತುಂಬೋಕೆ ನಾಲ್ಕು ಗಂಟೆ, ಮೂರು ಯೂನಿಟ್ ಒಳಗೆ.

ಓಡಿಸಿ ಬಂದ ತಕ್ಷಣ ಹಾಕಬೇಡಿ, ಮುಟ್ಟಿದ್ರೆ ಬೆಚ್ಚಗೆ ಇರದಷ್ಟು ತಣ್ಣಗಾಗಲಿ. ಸೆಲ್ 45 ಡಿಗ್ರಿ ದಾಟಿದ್ದಾಗ ಚಾರ್ಜ್ ಮಾಡಿದ್ರೆ ಆಯಸ್ಸು ತಿನ್ನುತ್ತೆ. ಸಿಮೆಂಟ್ ನೆಲದ ಮೇಲೆ, ಬಾಗಿಲ ದಾರಿಗೆ ಅಡ್ಡ ಇಲ್ಲದ ಕಡೆ, ಎಚ್ಚರ ಇರೋ ಹೊತ್ತಲ್ಲಿ. ತಿಂಗಳುಗಟ್ಟಲೆ ನಿಲ್ಲಿಸೋದಾದ್ರೆ 60 ವೋಲ್ಟ್ ಆಸುಪಾಸಲ್ಲಿ ಬಿಡಿ. ಬಂಡೆಗೆ ಬಿದ್ದು ಬ್ಯಾಟರಿ ಪೆಟ್ಟಿಗೆ ನೆಗ್ಗಿದ್ರೆ ಚಾರ್ಜ್ ಹಾಕದೆ ಮನೆಯಿಂದ ಹೊರಗಿಡಿ.

ತೊಳೆಯೋದು ಬಕೆಟ್ಟು, ಬ್ರಷ್ಷಲ್ಲಿ. ಪಂಪ್‌ಸೆಟ್ ಪೈಪಿನ ಹೊಡೆತಕ್ಕೆ ಬೇರಿಂಗ್ ಸೀಲ್ ಒಳಗೆ ನೀರು ಹೋಗುತ್ತೆ. ಕಾದ ಮೋಟಾರ್ ಮೇಲಂತೂ ತಣ್ಣೀರು ಸುರೀಲೇಬೇಡಿ: ಒಳಗಿನ ಗಾಳಿ ಕುಗ್ಗಿ ಸೀಲ್ ಸಂದಿಯಿಂದ ನೀರನ್ನ ತಾನೇ ಒಳಗೆ ಹೀರ್ಕೊಳ್ಳುತ್ತೆ. ಹಳ್ಳ ದಾಟುವಾಗಲೂ ಅದೇ, ಐದು ಹತ್ತು ನಿಮಿಷ ನಿಲ್ಲಿಸಿ ಇಳೀರಿ, ನೀರು ಆಕ್ಸಲ್ ಮುಟ್ಟಬಾರದು. ಕನೆಕ್ಟರ್‌ಗಳಿಗೆ ಮಳೆಗಾಲಕ್ಕೆ ಮುಂಚೆ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿಡಿ.

54 ಹಾಕಿದ ಮೇಲೆ ಅದೇ ಏರಿನಲ್ಲಿ ವೋಲ್ಟೇಜ್ ಎಷ್ಟಕ್ಕೆ ಇಳಿಯುತ್ತೆ, ಎಷ್ಟು ಹೊತ್ತಿಗೆ ಎಳೆತ ಕಡಿಮೆ ಆಗುತ್ತೆ ಅಂತ ಇಲ್ಲೇ ಬರೀರಿ. ಆಗಲೂ ಮೋಟಾರ್ ಬಿಸಿಯಾದ್ರೆ ಹಿಂದಿನ ಬ್ರೇಕ್ ಕ್ಯಾಲಿಪರ್ ಹಿಡ್ಕೊಂಡಿದೆಯಾ ನೋಡೋಣ.