ಲಸೋಟಾ ಕೊಟ್ಟ ಮೇಲೂ ಟೈಟರ್ ಏರುಪೇರು

ಪ್ರಶ್ನೆ: ಮೊಟ್ಟೆಕೋಳಿಗಳಿಗೆ ನೀರಿನಲ್ಲಿ ಲಸೋಟಾ (ರಾಣಿಖೇತ್ ರೋಗದ ಜೀವಂತ ಲಸಿಕೆ) ಕೊಟ್ಟ ಮೂರು ವಾರಕ್ಕೆ ರಕ್ತದಲ್ಲಿ ಪ್ರತಿಕಾಯ ಅಳೆಯುವ ಎಚ್‌ಐ ಪರೀಕ್ಷೆ ಮಾಡಿಸಿದೆವು. ಟೈಟರ್, ಅಂದರೆ ಪ್ರತಿಕಾಯದ ಮಟ್ಟ, ಕೆಲವಕ್ಕೆ 7 ಲಾಗ್ (ಒಂದು ಲಾಗ್ ಏರಿದರೆ ಮಟ್ಟ ಇಮ್ಮಡಿ), ಕೆಲವಕ್ಕೆ ಬರೀ 2. ಕಾರಣ ಏನಿರಬಹುದು ಸರ್?

ಉತ್ತರ: ಸರಾಸರಿ ನೋಡಿ ಸಮಾಧಾನಪಡಬೇಡಿ. 2 ಬಂದ ಕೋಳಿಗಳಿಗೆ ಬಹುಶಃ ಲಸಿಕೆ ಸರಿಯಾಗಿ ಸಿಕ್ಕಿಲ್ಲ. ನೀರಿನ ಕ್ಲೋರಿನ್ ಲಸಿಕೆಯ ಜೀವಂತ ವೈರಸ್ಸನ್ನು ಕೊಲ್ಲುತ್ತದೆ, ಹಿಂದಿನ ದಿನವೇ ನಿಲ್ಲಿಸಿ. ಲೀಟರಿಗೆ 2.5 ಗ್ರಾಂ ಕೆನೆರಹಿತ ಹಾಲಿನ ಪುಡಿ ಕದಡಿ, 20–30 ನಿಮಿಷ ಬಿಟ್ಟು ಲಸಿಕೆ ಬೆರೆಸಿ. ಕೋಳಿಗಳಿಗೆ ಮೊದಲೇ ಒಂದೆರಡು ಗಂಟೆ ನೀರು ನಿಲ್ಲಿಸಿರಿ. ಲಸಿಕೆ ನೀರು ಎರಡು ಗಂಟೆಯೊಳಗೆ ಖಾಲಿಯಾಗಬೇಕು.

ಉತ್ತರ: ಕೋಳಿಗಳು ಕುಡಿಯುವ ನಿಪ್ಪಲ್ ಪೈಪಿನ ಹಳೆ ನೀರು ಬಸಿದಿರಾ? ಲಸಿಕೆಗೆಂದೇ ಬರುವ ನೀಲಿ ಬಣ್ಣ ಬೆರೆಸಿ ಕೋಳಿಗಳ ನಾಲಿಗೆ ನೀಲಿಯಾಗಿದೆಯೇ ನೋಡಿ. ಯಾವ ಸಾಲಿಗೆ ತಲುಪಿಲ್ಲ ಎಂದು ತಕ್ಷಣ ತಿಳಿಯುತ್ತದೆ.

ಉತ್ತರ: ರಕ್ತವನ್ನು ಒಂದೇ ಮೂಲೆಯಿಂದ ತೆಗೆಯಬೇಡಿ, ಶೆಡ್ಡಿನ ಎಲ್ಲ ಕಡೆಯಿಂದ 20 ಮಾದರಿಯಾದರೂ ಬೇಕು. ಲಸಿಕೆಗೆ ಮುಂಚಿನ ಸೀರಮ್ಮನ್ನೂ (ರಕ್ತದ ತಿಳಿದ್ರವ) ಫ್ರೀಜರಿನಲ್ಲಿಟ್ಟು, ನಂತರದ್ದರ ಜೊತೆ ಒಟ್ಟಿಗೇ ಪರೀಕ್ಷಿಸಿದರೆ ಟೈಟರ್ ಏರಿಕೆ ನಂಬಬಹುದು.