ಕೋವಿಡ್‌ನಲ್ಲಿ ದುಡಿದವರ ಪಾಡ್‌ಕಾಸ್ಟ್: ಬಾಗೇಪಲ್ಲಿ ಕಡೆ ರೆಕಾರ್ಡಿಂಗ್ ಹೇಗೆ, ಅನುಮತಿ ಯಾರದು?

ಚಿತ್ರಾವತಿ_ದಂಡೆ:
ಬಾಗೇಪಲ್ಲಿ, ಗುಡಿಬಂಡೆ ಕಡೆ 2020-21ರಲ್ಲಿ ಓಡಾಡಿದ ಆಶಾ ಕಾರ್ಯಕರ್ತೆಯರು, 108 ಚಾಲಕರು, ಪೌರಕಾರ್ಮಿಕರು, ಮನೆಮನೆಗೆ ರೇಷನ್ ಮುಟ್ಟಿಸಿದ ಹುಡುಗರು. ಇವರ ಮಾತು ಕಳೆದುಹೋಗುವ ಮುಂಚೆ ಪಾಡ್‌ಕಾಸ್ಟ್ ಮಾಡಬೇಕು. ಎರಡು ಆಂಡ್ರಾಯ್ಡ್ ಫೋನ್, ಒಂದು ಲ್ಯಾಪ್‌ಟಾಪ್ ಇದೆ. ಮೈಕ್‌ಗೆ 3,000 ರೂಪಾಯಿ. ಅರ್ಧದಷ್ಟು ಜನ ತೆಲುಗಿನಲ್ಲೇ ಸಲೀಸು. ಎಲ್ಲಿಂದ ಶುರು ಮಾಡೋದು?

ಸದ್ದು_ಸುದ್ದಿ:
ವೈರ್ ಇರುವ ಕಾಲರ್ ಮೈಕ್ ಎರಡು ತಗೊಳ್ಳಿ, ದುಡ್ಡು ಮಿಗುತ್ತೆ. ಪಿನ್‌ನಲ್ಲಿ ಮೂರು ಕಪ್ಪು ಗೆರೆ ಇರಬೇಕು. ಎರಡು ಗೆರೆಯದು ಕ್ಯಾಮೆರಾದ್ದು. ಅದನ್ನು ಚುಚ್ಚಿದರೆ ಫೋನ್ ಸುಮ್ಮನೆ ತನ್ನ ಒಳಮೈಕಿನಲ್ಲೇ ರೆಕಾರ್ಡ್ ಮಾಡಿಬಿಡುತ್ತೆ, ಮನೆಗೆ ಬಂದು ಕೇಳುವವರೆಗೂ ಗೊತ್ತಾಗಲ್ಲ. ಮೈಕ್ ಮೇಲೊಮ್ಮೆ, ಫೋನ್ ಮೇಲೊಮ್ಮೆ ಉಗುರಲ್ಲಿ ತಟ್ಟಿ ಕೇಳಿ ನೋಡಿ.

ಒಬ್ಬೊಬ್ಬರಿಗೂ ಒಂದು ಫೋನ್, ಏರೋಪ್ಲೇನ್ ಮೋಡ್. ರೆಕಾರ್ಡಿಂಗ್ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ವೇವ್ (WAV) ಫೈಲ್, 48 ಕಿಲೋಹರ್ಟ್ಸ್, ಮೋನೋ (ಒಂದೇ ಚಾನೆಲ್). ಜೋರು ಮಾತು ಆ್ಯಪ್‌ನ ಮೀಟರಿನಲ್ಲಿ ಮೈನಸ್ 12 ಡೆಸಿಬಲ್ ದಾಟದಿರಲಿ. ಎರಡೂ ಫೋನಿನ ರೆಕಾರ್ಡಿಂಗ್ ಆಮೇಲೆ ಹೊಂದಿಸೋಕೆ ಮೊದಲೂ ಕೊನೆಗೂ ಒಂದೊಂದು ಚಪ್ಪಾಳೆ ಹೊಡೆಯಿರಿ, ಯಾಕೆಂದರೆ ಗಂಟೆಗಟ್ಟಲೆ ಓಡಿದರೆ ಎರಡು ಫೋನಿನ ಗಡಿಯಾರ ಸ್ವಲ್ಪ ಹಿಂದುಮುಂದಾಗುತ್ತೆ. ಮೈಕ್ ಗಲ್ಲದಿಂದ ಒಂದು ಗೇಣು ಕೆಳಗೆ, ತಾಳಿಸರ, ಸೆರಗು ಉಜ್ಜದ ಕಡೆ. ಶೀಟಿನ ಮನೆಯ ಹಜಾರ ಗೊಂಯ್‌ಗುಡುತ್ತೆ. ಹಾಸಿಗೆ, ಮೂಟೆ ತುಂಬಿದ ಕೋಣೆಯೇ ವಾಸಿ. ಫ್ಯಾನ್ ಆರಿಸಿ. ಕೊನೆಗೆ 30 ಸೆಕೆಂಡ್ ಯಾರೂ ಮಾತಾಡದೆ ರೆಕಾರ್ಡ್ ಮಾಡಿಕೊಳ್ಳಿ, ಲ್ಯಾಪ್‌ಟಾಪ್‌ನಲ್ಲಿ ಧ್ವನಿ ಎಡಿಟ್ ಮಾಡುವ ಆಡಾಸಿಟಿ ತಂತ್ರಾಂಶಕ್ಕೆ ಗದ್ದಲದ ಮಾದರಿ ಅದರಿಂದಲೇ ಸಿಗೋದು. ಅದರಲ್ಲಿ ನಾಯ್ಸ್ ರಿಡಕ್ಷನ್ (ಗದ್ದಲ ತಗ್ಗಿಸೋದು) 6ರಿಂದ 9 ಡೆಸಿಬಲ್ ಸಾಕು. 20 ಹಾಕಿದರೆ ನೀರೊಳಗಿಂದ ಮಾತಾಡಿದ ಹಾಗಾಗುತ್ತೆ.

ತೆಲುಗಿನವರನ್ನು ಕನ್ನಡಕ್ಕೆ ಒತ್ತಾಯಿಸಬೇಡಿ, ಮಾತು ಒಣಗಿಹೋಗುತ್ತೆ. ಅವರ ದನಿ ಹತ್ತು ಸೆಕೆಂಡ್ ಪೂರ್ತಿ ಕೇಳಿಸಲಿ, ಆಮೇಲೆ ಅದನ್ನು 15 ಡೆಸಿಬಲ್ ತಗ್ಗಿಸಿ ಮೇಲೆ ಕನ್ನಡ ಹೇಳಿ.

ಗುಡಿಬಂಡೆ_ಕೆರೆ:
ಅನುಮತಿಯ ವಿಷಯ. ಸ್ಟಾಫ್ ನರ್ಸ್, ವೈದ್ಯಾಧಿಕಾರಿ ಸರ್ಕಾರಿ ನೌಕರರು. ತಾಲ್ಲೂಕು ಆರೋಗ್ಯಾಧಿಕಾರಿ ಮೂಲಕ ಲಿಖಿತ ಅನುಮತಿ ಕೇಳಿ, ಪ್ರಶ್ನೆಗಳನ್ನೂ ಲಗತ್ತಿಸಿ. ಆಶಾಗಳು ನೌಕರರಲ್ಲ, ಆದರೆ ಅವರ ಪ್ರೋತ್ಸಾಹಧನ ಅಲ್ಲಿನ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಮೂಲಕವೇ ಬರಬೇಕು. ಸಂಬಳದ ದೂರು ಹೇಳಿದವರ ಹೆಸರು ಬದಲಿಸಿದರೆ ಸಾಲದು. ಸುಮಾರು 1,000 ಜನಕ್ಕೆ ಒಬ್ಬರೇ ಆಶಾ ಇರೋದು. ಊರು ಹೇಳಿದ ಕೂಡಲೇ ಯಾರೆಂದು ಎಲ್ಲರಿಗೂ ಗೊತ್ತು. ಊರನ್ನೂ ಬಿಡಿ. ತೀರಿಹೋದವರ ಹೆಸರು ಮನೆಯವರು ಒಪ್ಪಿದರೆ ಮಾತ್ರ. ಒಪ್ಪಿಗೆಯನ್ನು ರೆಕಾರ್ಡಿಂಗ್‌ನಲ್ಲೇ ಹೇಳಿಸಿಕೊಳ್ಳಿ, ಪ್ರಸಾರಕ್ಕೆ ಮುಂಚೆ ಪೂರ್ತಿ ಕೇಳಿಸಿ, ಬೇಡವೆಂದ ಭಾಗ ತೆಗೆಯಿರಿ.

"ತುಂಬಾ ಕಷ್ಟ ಆಯ್ತಾ?" ಅಂತ ಕೇಳಿದರೆ "ಹೂಂ ಸಾರ್" ಅಷ್ಟೇ ಸಿಗೋದು. ಕ್ವಾರಂಟೈನ್ ಮನೆಗೆ ಹಾಲು ಯಾರು ಹಾಕುತ್ತಿದ್ದರು? ಆಕ್ಸಿಮೀಟರ್‌ನಲ್ಲಿ 94ಕ್ಕಿಂತ ಕೆಳಗೆ ಬಂದಾಗ ಮೊದಲು ಯಾರಿಗೆ ಫೋನ್ ಮಾಡಿದಿರಿ? ಹೀಗೆ ಕೇಳಿ. ಎರಡು ಅಲೆಗಳ ನೆನಪು ಕಲಸಿಹೋಗಿರುತ್ತೆ. ದೇಶವ್ಯಾಪಿ ಲಾಕ್‌ಡೌನ್ ಶುರುವಾದ 2020ರ ಮಾರ್ಚ್ 25 ಯುಗಾದಿ. 2021ರ ಯುಗಾದಿ ಏಪ್ರಿಲ್ 13, ಆಗ ಎರಡನೇ ಅಲೆ ಏರುತ್ತಿತ್ತು. "ಯಾವ ಯುಗಾದಿ?" ಅಂದರೆ ಜನ ಸರಿಯಾಗಿ ಹೇಳುತ್ತಾರೆ. ಆಮೇಲೆ ಆರೋಗ್ಯ ಇಲಾಖೆಯ ದಿನದ ಬುಲೆಟಿನ್ ಜೊತೆ ತಾಳೆ ನೋಡಿ. ಯಾರಾದರೂ ಅತ್ತರೆ ರೆಕಾರ್ಡಿಂಗ್ ನಿಲ್ಲಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಪ್ರತಿ ಸಂಚಿಕೆಯ ವಿವರಣೆಯಲ್ಲಿ ಹಾಕಿ.

ಚಿತ್ರಾವತಿ_ದಂಡೆ:
ಊರು ಬಿಡುವ ಮಾತು ಹೊಳೆದೇ ಇರಲಿಲ್ಲ, ತುಂಬಾ ಉಪಕಾರ. ಅಲ್ಲಿನವರು ಕೇಳೋದು ವಾಟ್ಸ್ಆ್ಯಪ್‌ನಲ್ಲೇ, ಫೈಲ್ ಎಷ್ಟಿರಬೇಕು?

ಸದ್ದು_ಸುದ್ದಿ:
ಎಂಪಿ3, ಮೋನೋ, 64 ಕೆಬಿಪಿಎಸ್: 25 ನಿಮಿಷಕ್ಕೆ 12 ಎಂಬಿ. ಲೌಡ್‌ನೆಸ್ (ಒಟ್ಟಾರೆ ಸದ್ದಿನ ಮಟ್ಟ) ಮೈನಸ್ 19 ಎಲ್‌ಯುಎಫ್‌ಎಸ್, ಅದು ಸದ್ದಿನ ಮಟ್ಟ ಅಳೆಯುವ ಮಾನ. ಪಾಡ್‌ಕಾಸ್ಟ್ ಆ್ಯಪ್‌ಗಳಿಗೆ ಸಂಚಿಕೆ ತಲುಪಿಸುವ ಆರ್‌ಎಸ್‌ಎಸ್ ಫೀಡ್‌ನಲ್ಲಿ ಭಾಷೆ ಕನ್ನಡ ಅಂತಲೇ ಆರಿಸಿ, ಮುಖಚಿತ್ರ 3000 × 3000 ಪಿಕ್ಸೆಲ್. ಫೀಡ್‌ಗೆ ಕೊಡುವ ಇಮೇಲ್ ಎಲ್ಲರಿಗೂ ಕಾಣಬಹುದು, ಹಾಗಾಗಿ ಬೇರೆಯದೇ ಮಾಡಿಕೊಳ್ಳಿ. ಮೂರು ಸಂಚಿಕೆ ಪೂರ್ತಿ ಸಿದ್ಧವಾಗುವವರೆಗೆ ಮೊದಲನೆಯದನ್ನು ಬಿಡಬೇಡಿ. ಇಲಾಖೆ ಅನುಮತಿ ತಡವಾದರೆ ಅದಕ್ಕೆ ಕಾಯದೆ ರೇಷನ್ ಹಂಚಿದ ಹುಡುಗರಿಂದಲೇ ಶುರು ಮಾಡಿ.