ಬೇರೆಯವರ ಫೋಟೋ ನೋಡಿ ಕಲಿಯೋದು ಅಂದ್ರೆ ಏನು ಮಾಡಬೇಕು?

ಕಿಟ್‌ಲೆನ್ಸ್:
ಒಳ್ಳೇ ಫೋಟೋ ನೋಡ್ತಾ ಇರಿ, ಕಣ್ಣು ಪಳಗತ್ತೆ ಅಂತಾರೆ. ದಿನಕ್ಕೆ ನೂರಾರು ನೋಡಿದ್ರೂ "ಚೆನ್ನಾಗಿದೆ" ಅನ್ನೋದರಾಚೆ ಏನೂ ಹೊಳೆಯಲ್ಲ. ಒಂದು ಫೋಟೋದಲ್ಲಿ ಮೊದಲು ಏನು ಹುಡುಕಬೇಕು? ಬೀದಿ ಮತ್ತು ಜನರ ಫೋಟೋ ಇಷ್ಟ. ಇರೋದು ಕ್ಯಾಮೆರಾ ಜೊತೆ ಬರೋ ಮಾಮೂಲಿ 18-55 ಮಿ.ಮೀ. ಜೂಮ್ ಲೆನ್ಸ್.

ನೆರಳುಬೆಳಕು:
ನೂರು ಬೇಡ, ವಾರಕ್ಕೆ ಒಂದು ಸಾಕು. ಅದನ್ನ ಹದಿನೈದು ನಿಮಿಷ ನೋಡಿ, ಕೈಯಲ್ಲಿ ಪೆನ್ನಿರಲಿ.

ಮೊದಲ ಪ್ರಶ್ನೆ: ತೆಗೆದವರು ಎಲ್ಲಿ, ಎಷ್ಟು ಎತ್ತರದಲ್ಲಿ ನಿಂತಿದ್ರು? ಸಮತಟ್ಟು ನೆಲದಲ್ಲಿ ದಿಗಂತದ ಗೆರೆ ಎಲ್ಲರನ್ನೂ ಕ್ಯಾಮೆರಾದ ಎತ್ತರದಲ್ಲೇ ಕತ್ತರಿಸತ್ತೆ. ನಿಂತವರ ಕಣ್ಣಿನ ಮೇಲೆ ಹಾದುಹೋದರೆ ತೆಗೆದವರೂ ನಿಂತೇ ತೆಗೆದಿದ್ದಾರೆ. ಸೊಂಟದ ಮೇಲೆ ಹಾದರೆ ಕೂತೋ ಬಗ್ಗಿಯೋ ತೆಗೆದದ್ದು. ದಿಗಂತ ಕಾಣದಿದ್ರೆ ರಸ್ತೆಯ ಎರಡು ಅಂಚುಗಳನ್ನ ಸ್ಕೇಲಿಟ್ಟು ಮುಂದುವರಿಸಿ. ಅವು ಸೇರೋ ಎತ್ತರವೇ ದಿಗಂತ.

ಆಮೇಲೆ ಬೆಳಕು. ನೆರಳಿನ ಅಂಚು ಚೂಪಾಗಿದ್ರೆ ಮೂಲ ಚಿಕ್ಕದು: ಬರೀ ಬಿಸಿಲು, ಬರೀ ಫ್ಲ್ಯಾಶ್. ಅಂಚು ಕರಗಿದ್ರೆ ದೊಡ್ಡದು: ಮೋಡ, ಕಿಟಕಿ, ಎದುರಿನ ಬಿಳಿ ಗೋಡೆ. ಭಾವಚಿತ್ರ ಆದ್ರೆ ಜೂಮ್ ಮಾಡಿ ಕಣ್ಣಿನ ಕ್ಯಾಚ್‌ಲೈಟ್ ನೋಡಿ, ಅಂದ್ರೆ ಕಣ್ಣಗುಡ್ಡೆಯಲ್ಲಿ ಹೊಳೆಯೋ ಬೆಳಕಿನ ಪ್ರತಿಬಿಂಬ. ಚೌಕವಾಗಿದ್ರೆ ಕಿಟಕಿ ಅಥವಾ ಸಾಫ್ಟ್‌ಬಾಕ್ಸ್ (ದೀಪದ ಮುಂದೆ ಬಿಳಿ ಬಟ್ಟೆ ಕಟ್ಟಿದ ಡಬ್ಬ), ಗುಂಡಗಿದ್ರೆ ಬಹುಶಃ ಫ್ಲ್ಯಾಶಿಗೆ ಕಟ್ಟೋ ಛತ್ರಿ. ಎಕ್ಸಿಫ್ (ಫೋಟೋ ಫೈಲಿನೊಳಗೆ ಕ್ಯಾಮೆರಾ ಬರೆದಿಟ್ಟ ಲೆನ್ಸ್, ಸೆಟ್ಟಿಂಗ್ ವಿವರ) ಕೊನೆಗೆ ನೋಡಿ. ಮೊದಲೇ ನೋಡಿಬಿಟ್ರೆ ಊಹಿಸೋ ಶ್ರಮ ತಪ್ಪತ್ತೆ, ಕಲಿಯೋದೂ ತಪ್ಪತ್ತೆ.

ಹಳೇನೆಗೆಟಿವ್:
ಇದಕ್ಕೊಂದು ಮಾತು ಸೇರಿಸ್ತೀನಿ. ಗೆದ್ದ ಫೋಟೋ ಒಂದನ್ನೇ ನೋಡಿದ್ರೆ ಅದು ಹಾಗೇ ಹುಟ್ಟಿತು ಅನ್ನಿಸತ್ತೆ. ಜೊತೆಗೆ ತೆಗೆದ ಬೇರೆ ಫ್ರೇಮುಗಳನ್ನೂ ನೋಡಬೇಕು. ಅಮೆರಿಕದ ಫೋಟೋಗ್ರಾಫರ್ ಡೊರೋಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೊಮೊದಲ್ಲಿ ತೆಗೆದ 'ಮೈಗ್ರಂಟ್ ಮದರ್' (ಡೇರೆಯಲ್ಲಿ ಮಕ್ಕಳ ಜೊತೆ ಕೂತ ವಲಸೆ ತಾಯಿ) ಇದಕ್ಕೆ ಹೇಳಿಮಾಡಿಸಿದ್ದು. ಅದೇ ಡೇರೆಯ ಬೇರೆ ಫ್ರೇಮುಗಳೂ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಜಾಲತಾಣದಲ್ಲಿ ದೊಡ್ಡ ಫೈಲಾಗೇ ಪುಕ್ಕಟೆ ಸಿಗ್ತವೆ.

ಪಕ್ಕಪಕ್ಕ ಇಟ್ಟು ನೋಡಿ. ದೂರದ ಫ್ರೇಮಿನಲ್ಲಿ ಡೇರೆ, ನೆಲ ಎಲ್ಲ ಇದೆ, ತಾಯಿ ಚಿಕ್ಕದಾಗಿದ್ದಾಳೆ. ಒಂದರಲ್ಲಿ ಮಗಳ ಮುಖ ಕಾಣತ್ತೆ, ನಮ್ಮ ಕಣ್ಣು ಎರಡು ಮುಖಗಳ ಮಧ್ಯೆ ಓಡಾಡತ್ತೆ. ಪ್ರಸಿದ್ಧ ಫ್ರೇಮಿನಲ್ಲಿ ಇಬ್ಬರು ಮಕ್ಕಳೂ ಮುಖ ತಿರುಗಿಸಿದ್ದಾರೆ. ಕಣ್ಣಿಗೆ ತಾಯಿಯ ಮುಖ ಬಿಟ್ಟು ಬೇರೆ ದಾರಿಯಿಲ್ಲ. ಬಲಗಡೆ ಕೆಳಮೂಲೆಯಲ್ಲಿ ಡೇರೆಯ ಕಂಬ ಹಿಡಿದ ಹೆಬ್ಬೆರಳೊಂದಿತ್ತು, ಲ್ಯಾಂಗ್ ಅದನ್ನ ಆಮೇಲೆ ನೆಗೆಟಿವಿನಲ್ಲೇ ಅಳಿಸಿಸಿದ್ರು. ಅಷ್ಟು ಚಿಕ್ಕದೂ ಆಕೆಗೆ ಚುಚ್ಚಿತ್ತು. (ಅಳಿಸಿದ್ದು ಸರಿಯೋ ತಪ್ಪೋ ಅನ್ನೋದು ಬೇರೆ ಜಗಳ.)

ಅಂಚುಮೂಲೆ:
ಆ ಹೆಬ್ಬೆರಳಿನಂಥ ಚಿಕ್ಕದು ನಿಮ್ಮ ಕಣ್ಣಿಗೆ ಬೀಳಬೇಕಾದ್ರೆ ಫೋಟೋನ ತಲೆಕೆಳಗು ಮಾಡಿ. ಅಮ್ಮ, ಮಗು ಅನ್ನೋ ಹೆಸರು ಮರೆತು ಬರೀ ಕಪ್ಪುಬಿಳುಪಿನ ಆಕಾರ ಉಳಿಯತ್ತೆ. ಆಗ ನಾಲ್ಕು ಅಂಚಿನ ಮೇಲೂ ಬೆರಳಾಡಿಸಿ, ಎಲ್ಲೆಲ್ಲಿ ಏನು ಕತ್ತರಿಸಿದೆ ಬರ್ಕೊಳ್ಳಿ. ಎಲ್ ಆಕಾರದ ರಟ್ಟು ಎರಡು ಇಟ್ಟು ಒಂದೊಂದು ಕಡೆಯಿಂದ ಒಳಗೆ ತಳ್ಳಿ. ಎಲ್ಲಿ ಫೋಟೋ ಕೆಟ್ಟಿತೋ ಆ ತುಂಡಿಗೆ ಕೆಲಸ ಇತ್ತು ಅಂತ ಅರ್ಥ.

ಫ್ರೆಂಚ್ ಫೋಟೋಗ್ರಾಫರ್ ಕಾರ್ತಿಯೆ-ಬ್ರೆಸ್ಸೋನ್ 1932ರಲ್ಲಿ ಪ್ಯಾರಿಸ್ಸಿನ ಸೇಂಟ್ ಲಜಾರ್ ನಿಲ್ದಾಣದ ಹಿಂದೆ ತೆಗೆದ, ನೀರು ದಾಟಿ ಜಿಗಿಯೋನ ಫೋಟೋದಲ್ಲಿ ಇದನ್ನ ಮಾಡಿ. ಎಲ್ಲರೂ ಜಿಗಿಯೋನನ್ನೇ ನೋಡ್ತಾರೆ. ಹಿಂದಿನ ಗೋಡೆಯ ಪೋಸ್ಟರಿನಲ್ಲೂ ಒಂದು ಆಕೃತಿ ಹಾರ್ತಾ ಇದೆ. ಆ ಪೋಸ್ಟರನ್ನ ರಟ್ಟಿನಿಂದ ಮುಚ್ಚಿ, ಅರ್ಧ ಜೀವ ಹೋಗತ್ತೆ. ಅಂದಹಾಗೆ, ಕ್ರಾಪ್ ಮಾಡಬಾರದು (ತೆಗೆದಮೇಲೆ ಅಂಚು ಕತ್ತರಿಸಬಾರದು) ಅಂತಿದ್ದ ಮನುಷ್ಯ ಇದನ್ನ ಕ್ರಾಪ್ ಮಾಡಿದ್ದ: ಬೇಲಿಯ ಸಂದಿಯಿಂದ ತೆಗೆದದ್ದು, ಎಡಗಡೆ ಬೇಲಿ ಅಡ್ಡ ಬಂದಿತ್ತು.

ಕಿಟ್‌ಲೆನ್ಸ್:
ಸರ್, ಯಾವ ಫೋಕಲ್ ಲೆಂತ್ (ಲೆನ್ಸಿನ ಮೇಲಿರೋ 18, 55 ಥರದ ಮಿ.ಮೀ. ಅಂಕಿ) ಅಂತ ಫೋಟೋ ನೋಡಿ ಹೇಳೋದು ಹೇಗೆ? ನಾನು ಅಂಥದ್ದೇ ತೆಗೆದ್ರೆ ಸಪ್ಪೆ ಬರತ್ತೆ.

ನೆರಳುಬೆಳಕು:
ಫೋಕಲ್ ಲೆಂತ್ ಬಿಡಿ, ದೂರ ಊಹಿಸಿ. ಹಿನ್ನೆಲೆ ಮುಂದೆ ಬಂದು ಒತ್ತಿದ ಹಾಗೆ ಕಾಣೋದು ದೂರ ನಿಂತದ್ದಕ್ಕೆ, ಲೆನ್ಸಿಗಲ್ಲ. ನಿಮ್ಮ ಲೆನ್ಸಲ್ಲೇ ನೋಡಿ: 55ರಲ್ಲಿ ಮೂರು ಮೀಟರ್ ದೂರದಿಂದ ಒಬ್ಬರನ್ನ ತೆಗೀರಿ, 18ಕ್ಕೆ ತಿರುಗಿಸಿ ಒಂದು ಮೀಟರಿಗೆ ಹೋಗಿ. ಆಳು ಅಷ್ಟೇ ದೊಡ್ಡದಾಗಿ ಬರ್ತಾರೆ. ಮೂಗು, ಹಿಂದಿನ ಗೋಡೆ ಮಾತ್ರ ಬೇರೆಯೇ.

ಸಪ್ಪೆ ಬರೋದಕ್ಕೆ ಹೆಚ್ಚಾಗಿ ಕಾರಣ ಹೊತ್ತು. ನೆರಳು ಆಳಿನಷ್ಟೇ ಉದ್ದ ಇದ್ರೆ ಸೂರ್ಯ 45 ಡಿಗ್ರಿ ಮೇಲಿದ್ದಾನೆ, ಎರಡರಷ್ಟಿದ್ರೆ ಸುಮಾರು 27. ಪ್ಯಾರಿಸ್ಸಿನಲ್ಲಿ ಡಿಸೆಂಬರ್ ಕೊನೆಗೆ ನಡುಮಧ್ಯಾಹ್ನವೂ ಸೂರ್ಯ 18 ಡಿಗ್ರಿ ದಾಟಲ್ಲ, ಬೆಂಗಳೂರಲ್ಲಿ 53 ಮುಟ್ತಾನೆ. ಅಲ್ಲಿ ಇಡೀ ದಿನ ಸಿಗೋ ಓರೆ ಬೆಳಕು ನಮ್ಮಲ್ಲಿ ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಅಷ್ಟೇ. ಹತ್ತು ಗಂಟೆಗೆ ಹೊರಟು ಆ ಥರ ತೆಗೀತೀನಿ ಅಂದ್ರೆ ಆಗಲ್ಲ.